ಮೇಜಿನ ಮೇಲಿನ ವಿಮಾನ, ಪಾಠ ಯೋಜನೆಯಲ್ಲಿಲ್ಲದ ಪ್ರಶ್ನೆ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಕುಷ್ಟಗಿ ತಾಲೂಕಿನ ಒಂದು ಪ್ರೌಢಶಾಲೆಗೆ ಪಾಠ ವೀಕ್ಷಣೆಗೆ ಹೋಗಿದ್ದೆ. ಹತ್ತನೇ ತರಗತಿ, ಎರಡನೇ ಮಹಾಯುದ್ಧದ ಪಾಠ. ನಮ್ಮ ಪ್ರಶಿಕ್ಷಣಾರ್ಥಿ ಚೀಲದಿಂದ ಒಂದು ಡಬ್ಬಿ ತೆಗೆದು, ಅದರೊಳಗಿನ ವಿಮಾನವನ್ನು ಮೇಜಿನ ಮೇಲಿಟ್ಟ. ಜರ್ಮನಿಯ ಮೆಸ್ಸರ್‌ಶ್ಮಿಟ್ ಬಿಎಫ್ 110, ರಾತ್ರಿ ಹೊತ್ತು ಬೇಟೆಯಾಡುವ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ. ಅಂಗೈಯಗಲದ ರೆಕ್ಕೆಗಳು, ಬೂದು ಬಣ್ಣದ ಮೇಲೆ ಕಪ್ಪು ಚುಕ್ಕೆ, ಮೂತಿಯ ಮೇಲೆ ಜಿಂಕೆಯ ಕೊಂಬಿನಂತೆ ಚಾಚಿದ ತಂತಿಗಳು. ನಲವತ್ತು ಮಕ್ಕಳ ಕಣ್ಣು ಅದರ ಮೇಲೇ ಇತ್ತು. "ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಅವನು ಪಾಠ ಶುರು ಮಾಡಿದ.

ಸ್ವಲ್ಪ ಹೊತ್ತಿಗೆ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಅದರ ಬಾಲದ ಮ್ಯಾಲ ಸ್ವಸ್ತಿಕ ಐತ್ರಿ. ನಮ್ಮ ಮನಿ ಬಾಗಲಕ್ಕೂ ಅದನ್ನ ಬರೀತೀವಲ್ರಿ?"

"ಈಗ ಅದು ಬ್ಯಾಡವ್ವ, ಕುಂದ್ರು" ಎಂದ ಅವನು. ಹುಡುಗಿ ಕುಳಿತಳು. ಪಾಠ ಮುಂದುವರಿಯಿತು. ನಾನು ವೀಕ್ಷಣಾ ಹಾಳೆಯಲ್ಲಿ ಬೋಧನೋಪಕರಣದ ಎದುರು 'ಅತ್ಯುತ್ತಮ' ಎಂದು ಬರೆದೆ. ಈ ಲೇಖನ ಆ ಹುಡುಗನ ಮೇಲಿನ ದೂರಲ್ಲ. ನಾನು ಬರೆದ ಆ ಒಂದು ಪದದ ಬಗೆಗಿನ ತಕರಾರು.

ಪಾಠವಾದ ಮೇಲೆ ಅವನನ್ನು ಮಾತಾಡಿಸಿದೆ. ಹತ್ತು ರಾತ್ರಿ ಕುಳಿತು ತಾನೇ ಜೋಡಿಸಿದ ಮಾದರಿಯಂತೆ. ಮೂತಿಯ ತಂತಿ ಎರಡು ಸಲ ಮುರಿದಿತ್ತು. ಅದು ಏಕಿದೆ ಎಂದು ಹುಡುಕುತ್ತ ಹೋದವನಿಗೆ, ಅದು ರೇಡಾರ್‌ನ ಆಂಟೆನಾ ಎಂದು ಗೊತ್ತಾಯಿತು. ಆಂಟೆನಾ ಕಳಿಸಿದ ರೇಡಿಯೋ ಅಲೆ ಕತ್ತಲಲ್ಲಿ ಎದುರಿನ ವಿಮಾನಕ್ಕೆ ಬಡಿದು ಮರಳುತ್ತದೆ; ಪೈಲಟ್‌ನ ಹಿಂದೆ ಕುಳಿತವನು ಅದನ್ನು ಪರದೆಯ ಮೇಲೆ ನೋಡಿ ದಾರಿ ಹೇಳುತ್ತಾನೆ. ತಂತಿಗಳು ಗಾಳಿಗೆ ಅಡ್ಡವಾಗಿ ವಿಮಾನದ ವೇಗ ತಗ್ಗುತ್ತದೆ, ಆದರೂ ಅವಿಲ್ಲದಿದ್ದರೆ ಕತ್ತಲಲ್ಲಿ ಕಣ್ಣೇ ಇಲ್ಲ. ಇಷ್ಟನ್ನೂ ಅವನು ಹೊಳೆಯುವ ಕಣ್ಣಿನಿಂದ ಹೇಳಿದ. ತರಗತಿಯಲ್ಲಿ ಇದರಲ್ಲಿ ಒಂದು ಮಾತೂ ಬಂದಿರಲಿಲ್ಲ. ಹುಡುಗಿಯ ಪ್ರಶ್ನೆಯ ಬಗ್ಗೆ ಕೇಳಿದ್ದಕ್ಕೆ, "ಅದು ಪಾಠ ಯೋಜನೆಯೊಳಗ ಇರಲಿಲ್ಲರಿ ಸರ್" ಎಂದ.

ಮಾಡಿದವನು ಕಲಿತ; ಮಕ್ಕಳು ನೋಡಿದರು. ನಮ್ಮ ಬಹುಪಾಲು ಮಾದರಿಗಳ ಕಥೆ ಇಷ್ಟೇ. ಥರ್ಮಾಕೋಲಿನ ಜ್ವಾಲಾಮುಖಿಯಿರಲಿ, ಅಂಗಡಿಯಲ್ಲಿ ಮಾಡಿಸಿ ತಂದ ಹೃದಯವಿರಲಿ, ಅಂದಕ್ಕೆ ಅಂಕ ಕೊಡುತ್ತೇವೆ. ನನ್ನ ಅಭಿಪ್ರಾಯದಲ್ಲಿ, ಮಕ್ಕಳು ಒಂದು ಮಾದರಿಯಿಂದ ಏನನ್ನೂ ಅಳೆಯದಿದ್ದರೆ, ಅದರ ಬಗ್ಗೆ ಏನನ್ನೂ ಕೇಳದಿದ್ದರೆ ಅದು ಬೋಧನೋಪಕರಣವಲ್ಲ, ಶೋಕೇಸಿನ ಗೊಂಬೆ.

ಮೊದಲು ಅಳತೆಯ ಮಾತು. ಆ ಮಾದರಿಯ ಅನುಪಾತ 1:72. ನಿಜವಾದ ವಿಮಾನದ ರೆಕ್ಕೆಯ ಅಗಲ 16 ಮೀಟರಿಗಿಂತ ತುಸು ಹೆಚ್ಚು, ಮಾದರಿಯದು 22 ಸೆಂ.ಮೀ.ಗಿಂತ ತುಸು ಹೆಚ್ಚು. ಸ್ಕೇಲ್ ಹಿಡಿದು ಅಳೆದು, 72ರಿಂದ ಗುಣಿಸಿ, ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆಯಲು ಹತ್ತು ನಿಮಿಷ ಸಾಕು. ಜೋಳದ ದಂಟಿನಲ್ಲಿ ಬಂಡಿ ಕಟ್ಟಿ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಬೆಳೆದ ಮಕ್ಕಳಿಗೆ ಮಾದರಿ ಹೊಸದಲ್ಲ. ಅವರಿಗೆ ಹೊಸದು ಅನುಪಾತ ಮಾತ್ರ.

ಎರಡನೆಯದು ಪ್ರಶ್ನೆ. "ಮಕ್ಕಳ ಕೈಗೆ ನಾಜಿಗಳ ಯುದ್ಧವಿಮಾನವೇ ಯಾಕೆ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಆಕ್ಷೇಪ. ಸುಮ್ಮನೆ ಮೇಜಿನ ಮೇಲಿಟ್ಟು ಹೋಗುವುದಾದರೆ ಬೇಡವೇ ಬೇಡ. ಆದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರಿಸುವ ಧೈರ್ಯವಿದ್ದರೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ನಾವು ಬಾಗಿಲಿಗೆ ಬರೆಯುವ ಸ್ವಸ್ತಿಕ ನೆಟ್ಟಗೆ ಕೂತಿರುತ್ತದೆ, ನಡುವೆ ಚುಕ್ಕಿಗಳಿರುತ್ತವೆ, ಒಳಗೆ ಬರುವವರಿಗೆ ಶುಭ ಕೋರುತ್ತದೆ. ವಿಮಾನದ ಬಾಲದ ಮೇಲಿನದು ಓರೆಯಾಗಿ ಮೊನೆಯ ಮೇಲೆ ನಿಂತದ್ದು. ಲಕ್ಷಾಂತರ ಯಹೂದಿಗಳನ್ನು ಕೊಂದ ಆಡಳಿತದ ಗುರುತು ಅದು. ಜರ್ಮನಿಯಲ್ಲಿ ಇಂದು ಅದನ್ನು ಸಾರ್ವಜನಿಕವಾಗಿ ತೋರಿಸಲು ಕಾನೂನಿನ ನಿರ್ಬಂಧವಿದೆ. ಮಾದರಿ ಮಾರುವ ಎಷ್ಟೋ ಕಂಪನಿಗಳು ಆ ಚಿಹ್ನೆಯನ್ನು ಬಿಟ್ಟೇ ಮಾರುತ್ತವೆ. ಇದನ್ನು ಹೇಳಲು ಐದು ನಿಮಿಷ ಬೇಕು. ಹೇಳದಿದ್ದರೆ ಎರಡೂ ಒಂದೇ ಎಂದು ಆ ಮಗು ನಂಬಿಕೊಂಡು ಮನೆಗೆ ಹೋಗುತ್ತದೆ.

ಸಾವಿನ ಲೆಕ್ಕವನ್ನೂ ಮುಚ್ಚಿಡಬಾರದು. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ಮೇಲೆ ದಾಳಿಗೆ ಹೊರಟ ಬ್ರಿಟಿಷ್ ಬಾಂಬರ್‌ಗಳಲ್ಲಿ 95 ಮರಳಲಿಲ್ಲ. ಅವುಗಳಲ್ಲಿ ಹೆಚ್ಚಿನವನ್ನು ಕೆಡವಿದ್ದು ಇಂಥ ರಾತ್ರಿ ವಿಮಾನಗಳೇ. ಒಂದೊಂದರಲ್ಲಿ ಸಾಮಾನ್ಯವಾಗಿ ಏಳು ಜನ. ಇತ್ತ ಬಾಂಬರ್‌ಗಳೂ ಹೂ ಸುರಿಯಲು ಹೋದವಲ್ಲ. 1943ರ ಜುಲೈನಲ್ಲಿ ಹ್ಯಾಂಬರ್ಗ್ ನಗರದಲ್ಲಿ ಸಾವಿರಾರು ಸಾಮಾನ್ಯ ಜನ ಬೆಂಕಿಯಲ್ಲಿ ಬೆಂದರು. ಎರಡೂ ಕಡೆಯ ಲೆಕ್ಕ ಕೇಳಿದ ಮಗು ವಿಮಾನವನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ಇನ್ನು ಈ ಕಥೆ ನಮ್ಮ ರಾಜ್ಯಕ್ಕೂ ಬಂದು ಮುಟ್ಟುತ್ತದೆ. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಯುದ್ಧಕಾಲದಲ್ಲಿ ಟಿಎ 154 ಎಂಬ ರಾತ್ರಿ ಯುದ್ಧವಿಮಾನ ರೂಪಿಸಿದ್ದರು. ಅದರ ಹೆಚ್ಚಿನ ಭಾಗ ಮರದ್ದು. ಅಂಟು ತಯಾರಿಸುತ್ತಿದ್ದ ಕಾರ್ಖಾನೆ ಬಾಂಬ್ ದಾಳಿಗೆ ಹಾಳಾಗಿ, ಬದಲಿಗೆ ಬಂದ ಅಂಟು ಮರವನ್ನೇ ತಿನ್ನತೊಡಗಿತು. ಆ ವಿಮಾನ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಲೇ ಇಲ್ಲ. ಹುಣಸೆ ಬೀಜದ ಅಂಟಿನಿಂದ ಹಗುರ ಮರವನ್ನು ಕೂಡಿಸುವ ಕಿನ್ನಾಳದ ಚಿತ್ರಗಾರರನ್ನು ತರಗತಿಗೆ ಕರೆದರೆ, ಅಂಟು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ಹೇಳಿಯಾರು. ಅದೇ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಎಂಜಿನಿಯರುಗಳೊಡನೆ ಎಚ್‌ಎಫ್-24 ಮಾರುತ್ ಯುದ್ಧವಿಮಾನ ರೂಪಿಸಿದರು. ಅವರು ಮೊದಲು ಮಾಡಿದ್ದೂ ಒಂದು ಮಾದರಿಯೇ: ಎಂಜಿನ್ ಇಲ್ಲದ, ಪೂರ್ಣ ಗಾತ್ರದ ಮರದ ಗ್ಲೈಡರ್. ಅದನ್ನು ಬೇರೆ ವಿಮಾನಕ್ಕೆ ಕಟ್ಟಿ ಎಳೆಸಿ, ಹಾರಿಸಿ, ತಪ್ಪುಗಳನ್ನು ಹುಡುಕಿದರು. ಮಾರುತ್ 1961ರ ಜೂನ್ 17ರಂದು ಹಾರಿತು. ಅವರಿಗೆ ಮಾದರಿ ಅಲಂಕಾರವಾಗಿರಲಿಲ್ಲ, ಪ್ರಶ್ನೆ ಕೇಳುವ ಸಾಧನವಾಗಿತ್ತು.

ಟಿಎ 154ರ ರೆಕ್ಕೆಯ ಅಗಲ 16 ಮೀಟರ್, ಮಾರುತ್‌ನದು 9 ಮೀಟರ್. 1:50ರ ಅನುಪಾತದಲ್ಲಿ 32 ಮತ್ತು 18 ಸೆಂ.ಮೀ. ನೋಟುಬುಕ್ಕಿನ ರಟ್ಟು, ಕತ್ತರಿ, ಗೋಂದು ಇದ್ದರೆ ಮಕ್ಕಳೇ ಎರಡನ್ನೂ ಕತ್ತರಿಸಿ ಅಕ್ಕಪಕ್ಕ ಇಡಬಹುದು. ಮುರಿದರೆ ಇನ್ನೊಂದು ಮಾಡಿದರಾಯಿತು, ಮುಟ್ಟಬೇಡಿ ಎನ್ನುವ ಪ್ರಮೇಯವಿಲ್ಲ. ನಾಜಿಗಳ ಕಾಲದಲ್ಲಿ ಯುದ್ಧವಿಮಾನ ರೂಪಿಸಿದ ಕೈ ನಮ್ಮ ವಿಮಾನವನ್ನೂ ರೂಪಿಸಿದ್ದು ಸರಿಯೇ ಎಂದು ಯಾರಾದರೂ ಕೇಳಿದರೆ, ಅಂದಿನ ಪಾಠ ಗೆದ್ದಂತೆ. ಅದಕ್ಕೆ ಉತ್ತರ ಪಠ್ಯಪುಸ್ತಕದಲ್ಲಿಲ್ಲ. ತರಗತಿ ವಾದಿಸಲಿ.

ಸಮಯ ಎಲ್ಲಿದೆ ಎನ್ನುವವರಿದ್ದಾರೆ. ಒಂದು ಅವಧಿಯಲ್ಲಿ ಇಷ್ಟೆಲ್ಲ ಆಗದು, ನಿಜ. ಗಣಿತದ ಪ್ರಶಿಕ್ಷಣಾರ್ಥಿಯೂ ಸಮಾಜ ವಿಜ್ಞಾನದವನೂ ಕೂಡಿ ಎರಡು ಅವಧಿ ಹಂಚಿಕೊಳ್ಳಲಿ. ಅದಕ್ಕೆ ಒಪ್ಪಿಗೆ ಕೊಡಬೇಕಾದವರು ಮೇಲ್ವಿಚಾರಕರಾದ ನಾವು.

ಹಾಗಾಗಿ ನನ್ನದೊಂದು ಸಲಹೆ. ನಮ್ಮ ವೀಕ್ಷಣಾ ಹಾಳೆಯಲ್ಲಿ 'ಬೋಧನೋಪಕರಣ ಆಕರ್ಷಕವಾಗಿದೆಯೇ?' ಎಂಬ ಸಾಲು ತೆಗೆದು, 'ಮಕ್ಕಳು ಅದರಿಂದ ಏನು ಅಳೆದರು? ಏನು ಕೇಳಿದರು? ಉತ್ತರ ಸಿಕ್ಕಿತೇ?' ಎಂದು ಬರೆಯೋಣ. ಆ ದಿನ ಈ ಸಾಲುಗಳಿದ್ದಿದ್ದರೆ ಹತ್ತು ರಾತ್ರಿ ದುಡಿದ ಆ ಹುಡುಗ ತನಗೆ ಗೊತ್ತಿದ್ದುದನ್ನೆಲ್ಲ ತರಗತಿಯಲ್ಲೇ ಹೇಳುತ್ತಿದ್ದ. ಆ ಹುಡುಗಿಯನ್ನು ಕುಂದ್ರು ಎನ್ನುತ್ತಿರಲಿಲ್ಲ. ನಾನೂ 'ಅತ್ಯುತ್ತಮ' ಎಂದು ಬರೆಯುವ ಮುನ್ನ ಪೆನ್ನು ಕೆಳಗಿಟ್ಟು, ಅವಳ ಕಡೆ ಒಮ್ಮೆ ನೋಡುತ್ತಿದ್ದೆ.