ಬಿಸಿಲಿಗಾಗಿ ಕೊಂಬೆ ಕಡಿಯಬೇಕೆ?

ಹಕ್ಕಿಯ ಚಿತ್ರ ಚೆನ್ನಾಗಿ ಬರಬೇಕಾದರೆ ಬೆಲೆಬಾಳುವ ಕ್ಯಾಮರಾ ಇರಲೇಬೇಕೆಂದು ನಮ್ಮ ತರುಣ ಮಿತ್ರರಲ್ಲಿ ಅನೇಕರು ನಂಬಿದ್ದಾರೆ. ನಾವಾದರೋ ಮೊದಲು ಕೇಳುವುದು ಎಳೆಬಿಸಿಲನ್ನು. ಅದಕ್ಕೆ ಕಾಸು ಕೊಡಬೇಕಾಗಿಲ್ಲ; ಬೇಗ ಏಳಬೇಕು, ಅಷ್ಟೆ.

ಉದಯಕಾಲದಲ್ಲಿ ಸೂರ್ಯಕಿರಣಗಳು ವಾಯುಮಂಡಲದೊಳಗೆ ಹೆಚ್ಚು ದೂರ ಹಾದು ಬರುತ್ತವೆ. ದಾರಿಯಲ್ಲಿ ನೀಲಿಯ ಅಂಶ ಬಹುಮಟ್ಟಿಗೆ ಚೆದರಿಹೋಗಿ ಹಳದಿ, ಕೆಂಪುಗಳು ಮಿಗುತ್ತವೆ. ಓರೆಯಾಗಿ ಬೀಳುವ ಆ ಬೆಳಕಿನಲ್ಲಿ ಹಕ್ಕಿಯ ಕಣ್ಣು ಮಿನುಗುತ್ತದೆ. ಹೊಟ್ಟೆಯ ಕೆಳಭಾಗವೂ ಕಾಣುತ್ತದೆ. ನಡುಹಗಲಿನಲ್ಲಿ ಹೀಗಲ್ಲ. ಬೆಳ್ಳಕ್ಕಿಯ ಬೆನ್ನು ಗರಿಯ ಗುರುತೇ ಇಲ್ಲದೆ ಸುಣ್ಣ ಬಳಿದ ಗೋಡೆಯಂತಾಗುತ್ತದೆ.

ಮರಿಮಾಡುವ ಕಾಲದ ಗಂಡು ಊದಾ ಸೂರಕ್ಕಿಯನ್ನು ನೋಡಿ. ಸೂರ್ಯನಿಗೆ ಎದುರಾಗಿ ನಿಂತು ನೋಡಿದರೆ ಅದು ಬರಿಯ ಕರಿಯ ಹಕ್ಕಿ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ನಮ್ಮ ನೆರಳು ಹಕ್ಕಿಯತ್ತ ಚಾಚುವಂತೆ ನಿಂತೆವೆಂದರೆ ಅದೇ ಹಕ್ಕಿ ನೀಲಿಯಾಗಿ, ನೇರಿಳೆಯಾಗಿ ಥಳಥಳಿಸುತ್ತದೆ. ಆ ಹೊಳಪು ಯಾವ ಬಣ್ಣದ ವಸ್ತುವಿನದೂ ಅಲ್ಲ. ಗರಿಯೊಳಗಿನ ಅತಿ ತೆಳುವಾದ ಪದರಗಳಿಂದ ಹಿಂದಿರುಗಿದ ಬೆಳಕಿನ ಅಲೆಗಳು ಪರಸ್ಪರ ಕೂಡಿ ಉಂಟಾದದ್ದು. ಆದುದರಿಂದ ಹತ್ತು ಹೆಜ್ಜೆ ಅತ್ತಿತ್ತ ಸರಿಯುವುದು ಹೊಸ ಮಸೂರ ಕೊಳ್ಳುವುದಕ್ಕಿಂತ ಮೇಲು.

ಇಷ್ಟೇ ಆಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಸರಿಯುವ ಶ್ರಮವೇ ಬೇಡವೆಂದು ಬಿಸಿಲನ್ನು ಹಕ್ಕಿಯ ಬಳಿಗೆ ಎಳೆದು ತರುವವರಿದ್ದಾರೆ. ಗೂಡಿಗೆ ಮರೆಯಾದ ಕೊಂಬೆಯನ್ನು ಕಡಿಯುತ್ತಾರೆ, ಇಲ್ಲವೆ ದಾರದಿಂದ ಹಿಂದಕ್ಕೆ ಬಿಗಿಯುತ್ತಾರೆ. ಪರಿಚಿತರೊಬ್ಬರು ಒಮ್ಮೆ ನಮಗೆ ಪಿಕಳಾರದ ಮರಿಗಳ ಚಿತ್ರವನ್ನು ತೋರಿಸಿದರು. ಒಂದು ಎಲೆಯ ನೆರಳೂ ಬೀಳದ ಸೊಗಸಾದ ಚಿತ್ರ. ಎರಡು ರೆಂಬೆ ತೆಗೆಯಬೇಕಾಯಿತೆಂದರು. ಮರಿಗಳು ಏನಾದುವೆಂದು ಕೇಳಿದೆವು. ಅವರು ಮರಳಿ ಹೋಗಿ ನೋಡಿರಲಿಲ್ಲ.

ಪಿಕಳಾರದ ಮರಿ ಮೊಟ್ಟೆಯೊಡೆದು ಬರುವಾಗ ಬರಿಮೈ. ಶಾಖವನ್ನು ಹತೋಟಿಯಲ್ಲಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಇನ್ನೂ ಬಂದಿರುವುದಿಲ್ಲ. ಎಲೆಯ ಮರೆ ಹೋಯಿತೆಂದರೆ ಬಿಸಿಲು ಸುಡುತ್ತದೆ, ಕಾಗೆಗೂ ಗೂಡು ಕಾಣುತ್ತದೆ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆಗಳು ತೆರೆದ ಗೂಡಿನ ಮೇಲೆ ರೆಕ್ಕೆ ಹರಡಿ ಮರಿಗಳಿಗೆ ನೆರಳಾಗಿ ನಿಲ್ಲುವುದನ್ನು ಕಾಣಬಹುದು. ತಾಯಿತಂದೆಗಳು ಅಷ್ಟು ಕಷ್ಟಪಟ್ಟು ತಡೆಯುವ ಬಿಸಿಲನ್ನು ನಾವು ಕತ್ತರಿ ಹಿಡಿದು ಒಳಕ್ಕೆ ಬಿಡುವುದೆ?

ಗೂಡಿನ ಚಿತ್ರಗಳನ್ನು ಸ್ಪರ್ಧೆಗಳಲ್ಲಿ ಸ್ವೀಕರಿಸಲೇಕೂಡದೆಂಬುದು ನಮ್ಮ ಅಭಿಪ್ರಾಯ. ಇದು ಕಠಿಣವಾಯಿತೆಂದು ಕೆಲವರು ಹೇಳಿಯಾರು. ಹೇಳಲಿ. ಹಿತ್ತಲಿನಲ್ಲಿ ದಾಸವಾಳವಿದ್ದರೆ ಬೆಳಗ್ಗೆ ಏಳರ ಸುಮಾರಿಗೆ ಸೂರಕ್ಕಿ ತಾನಾಗಿ ಬರುತ್ತದೆ. ಬಿಸಿಲೂ ಆ ಹೊತ್ತಿಗೇ ಬರುತ್ತದೆ.