ಹಿತ್ತಲಿನ ಮಿಡತೆ ಸಂಸಾರ

ನವರಾತ್ರಿಯ ಗೊಂಬೆಗಳನ್ನು ಎತ್ತಿಟ್ಟಾಯಿತು, ದೀಪಾವಳಿಗೆ ಇನ್ನೂ ಕೆಲವು ದಿನವಿದೆ ಅನ್ನುವ ಹೊತ್ತಿನಲ್ಲಿ ಒಂದು ದಿನ ಬೆಳಿಗ್ಗೆ ಬೇಗ ಹಿತ್ತಲಿಗೆ ಹೋಗಿ ನೋಡಿ. ಹರಿವೆ ಸೊಪ್ಪಿನ ಎಲೆಗಳ ಅಂಚು ಯಾರೋ ಕತ್ತರಿ ಆಡಿಸಿದ ಹಾಗಿರುತ್ತದೆ. ಸೇವಂತಿಗೆ ಮೊಗ್ಗಿನ ಪಕ್ಕದ ಎಲೆ ತೂತು ತೂತು. ಎಲ್ಲಾ ಮಿಡತೆಯ ಕೆಲಸ. ಮಳೆಗಾಲದಲ್ಲಿ ರೆಕ್ಕೆಯಿಲ್ಲದೆ ಕುಪ್ಪಳಿಸುತ್ತಿದ್ದ ಮರಿಗಳು ಐದಾರು ಸಲ ಪೊರೆ ಕಳಚಿ, ರೆಕ್ಕೆ ಬಲಿತು, ಸಂಸಾರ ಹೂಡುವ ಕಾಲ ಇದು.

ನಮ್ಮ ಹಿತ್ತಲಲ್ಲಿ ಹೆಚ್ಚಾಗಿರುವುದು ಚೂಪು ಮೂತಿಯ ಹಸಿರು ಮಿಡತೆ. ಸುಮ್ಮನೆ ಕೂತರೆ ಎಲೆಯೇ ಅನ್ನಬೇಕು. ಹತ್ತಿರ ಹೋದರೆ ಹಾರುವುದಿಲ್ಲ, ಮೆಲ್ಲಗೆ ಕಡ್ಡಿಯ ಆ ಬದಿಗೆ ಸರಿಯುತ್ತದೆ. ನಾನು ಆ ಬದಿಗೆ ಹೋದರೆ ಅದು ಈ ಬದಿಗೆ. ಕಂಬದ ಮರೆಯಲ್ಲಿ ಕಣ್ಣಾಮುಚ್ಚಾಲೆ ಆಡುವ ಮಕ್ಕಳ ಹಾಗೆ! ಹಿಡಿದರೆ ಬಾಯಿಂದ ಕಂದು ರಸ ಕಾರುತ್ತದೆ, ತಾಂಬೂಲ ಉಗಿದಂತೆ. ಹಿಂಗಾಲು ಹಿಡಿದು ಎಳೆದಿರೋ, ಕಾಲನ್ನೇ ನಿಮ್ಮ ಕೈಯಲ್ಲಿ ಬಿಟ್ಟು ಹೋಗುತ್ತದೆ. ಪಾಪ, ಆ ಕಾಲು ಮತ್ತೆ ಬೆಳೆಯುವುದಿಲ್ಲ. ಅದರ ಕಿವಿ ಇರುವುದು ತಲೆಯಲ್ಲಲ್ಲ, ಹೊಟ್ಟೆಯ ಪಕ್ಕದಲ್ಲಿ ಅಂದರೆ ನಂಬುತ್ತೀರಾ?

ಒಂದು ದಿನ ಮಗಳು ಕೂಗಿದಳು, "ಅಮ್ಮಾ, ಇಲ್ನೋಡು, ತಾಯಿ ಮಿಡತೆ ಮರೀನ ಬೆನ್ನ ಮೇಲೆ ಹೊತ್ಕೊಂಡಿದೆ!" ಹೋಗಿ ನೋಡಿದೆ. ಮರಿಯಲ್ಲ, ಅದು ಗಂಡು. ಈ ಜಾತಿಯಲ್ಲಿ ಹೆಣ್ಣು ದೊಡ್ಡದು, ಗಂಡು ಪುಟ್ಟದು. ಅವನು ಆರಾಮವಾಗಿ ಬೆನ್ನೇರಿ ಕೂತಿರುತ್ತಾನೆ, ಅವಳು ಹೊತ್ತುಕೊಂಡೇ ಮೇಯುತ್ತಾಳೆ, ನಡೆಯುತ್ತಾಳೆ. ನಮ್ಮ ಮನೆಯವರಿಗೆ ತೋರಿಸಿ, "ಎಲ್ಲಾ ಕಡೆಯೂ ಒಂದೇ ಕಥೆ ನೋಡಿ" ಅಂದೆ. ಅವರು ಪೇಪರ್‌ನಿಂದ ತಲೆ ಎತ್ತಲಿಲ್ಲ.

ಅವಳು ಮೊಟ್ಟೆ ಇಡುವುದನ್ನು ನೋಡಿದ್ದು ಈ ವರ್ಷವೇ. ತುಳಸಿಕಟ್ಟೆಯ ಬುಡದ ಮೆತ್ತನೆಯ ಮಣ್ಣಿನಲ್ಲಿ ಹೊಟ್ಟೆಯ ತುದಿ ಊರಿ ನಿಂತಿದ್ದಳು. ಹೊಟ್ಟೆ ರಬ್ಬರಿನಂತೆ ಉದ್ದವಾಗುತ್ತಾ ಮಣ್ಣಿನೊಳಗೆ ಇಳಿಯಿತು. ಒಲೆಯ ಮೇಲೆ ಹುಳಿ ಕುದಿಯುತ್ತಿದ್ದದ್ದೂ ಮರೆತು ಅರ್ಧ ಗಂಟೆಗೂ ಮೇಲೆ ಕೂತು ನೋಡಿದೆ. ಒಳಗೆ ಮೊಟ್ಟೆ ಇಟ್ಟು, ಸುತ್ತ ನೊರೆ ಸುರಿಸುತ್ತಾಳೆ. ನೊರೆ ಗಟ್ಟಿಯಾಗಿ ಮೊಟ್ಟೆಗೆ ಗೂಡಾಗುತ್ತದೆ. ಆಮೇಲೆ ಹಿಂಗಾಲಿನಿಂದ ಮಣ್ಣು ಎಳೆದಳು, ಹೋದಳು. ಹುಳಿ ತಳ ಹಿಡಿದಿತ್ತು.

ನನ್ನ ತವರು ಜೋಳದ ಸೀಮೆ. ಅಲ್ಲಿ ಜೋಳ ತಿನ್ನುವ, ರೆಕ್ಕೆಯೇ ಇಲ್ಲದ ಮಿಡತೆಯೊಂದಿದೆ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಭ್ಯಾಸ ಮಾಡಿದರು. ಅದರ ಶಾಸ್ತ್ರೀಯ ಹೆಸರು 'ಕೋಲ್ಮೇನಿಯ' ಅವರಿಂದಲೇ ಬಂದದ್ದು. ಅದರ ಮೊಟ್ಟೆ ಚಳಿಗಾಲ, ಬೇಸಿಗೆ ಎಲ್ಲಾ ಮಣ್ಣಿನಲ್ಲೇ ಕಳೆದು, ಮುಂಗಾರು ಬಿದ್ದ ಮೇಲೆ ಒಡೆಯುತ್ತದೆ. ಕೊಯ್ಲಾದ ಮೇಲೆ ಹೊಲ ಉತ್ತರೆ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ, ಹಕ್ಕಿಗಳೂ ತಿನ್ನುತ್ತವೆ. ಇದು ಹಿತ್ತಲಿಗೂ ಸರಿಯೇ.

ಮೊದಲು ನನಗೆ ಇಷ್ಟು ಬುದ್ಧಿ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಯಾರದೋ ಮಾತು ಕೇಳಿ ಅಂಗಡಿಯಿಂದ ವಿಷದ ಪುಡಿ ತಂದು ಪಾತಿಗೆಲ್ಲಾ ಉದುರಿಸಿದೆ. ಮಿಡತೆ ಬಿದ್ದವು, ನಿಜ. ಪಕ್ಕದ ಮನೆಯ ಅಜ್ಜಿಯ ಕೋಳಿಗಳು ಬೇಲಿ ನುಸುಳಿ ಬಂದು, ತೂರಾಡುತ್ತಿದ್ದ ಆ ಮಿಡತೆಗಳನ್ನು ಹೆಕ್ಕಿ ತಿಂದವು. ಸಂಜೆಗೆ ಎರಡು ಹೇಂಟೆ ಸತ್ತಿದ್ದವು. ದುಡ್ಡು ಕೊಡಲು ಹೋದರೆ ಅಜ್ಜಿ ತೆಗೆದುಕೊಳ್ಳಲಿಲ್ಲ. ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಗೋಡೆಯಾಚೆಯಿಂದ "ಕರಿಬೇವು ಬೇಕೇನೇ?" ಅಂತ ಕೇಳುವುದು ನಿಂತಿತು. ಆ ಪಾತಿಯ ಸೊಪ್ಪನ್ನೆಲ್ಲಾ ಕಿತ್ತು ಹೂತೆ. ಮಕ್ಕಳಿಗೆ ಹೇಗೆ ಬಡಿಸಲಿ?

ಈಗ ಪುಡಿಯ ಸಹವಾಸವಿಲ್ಲ. ಬೆಳಿಗ್ಗೆ ಇಬ್ಬನಿಯ ಚಳಿಗೆ ಮಿಡತೆಗಳ ಮೈ ಮರಗಟ್ಟಿರುತ್ತದೆ. ಬಿಸಿಲು ಬಂದೊಡನೆ ಪಕ್ಕೆಯನ್ನು ಬಿಸಿಲಿಗೆ ಒಡ್ಡಿ ಕಾಯಿಸಿಕೊಳ್ಳುತ್ತವೆ, ಆಮೇಲೆ ಕೈಗೆ ಸಿಗುವುದಿಲ್ಲ. ಅದಕ್ಕೆ ಮುಂಚೆ, ಕಾಫಿಗೆ ನೀರಿಟ್ಟು ಬಂದು, ಒಂದೊಂದಾಗಿ ಹಿಡಿದು ಸೋಪಿನ ನೀರಿನ ಡಬ್ಬಿಗೆ ಹಾಕಿ. ಪೂರಾ ಹೋಗುವುದಿಲ್ಲ. ನಮಗೆ ನಾಲ್ಕು ಕಟ್ಟು ಸೊಪ್ಪು ಉಳಿದರೆ ಸಾಲದೇ? ಎಳೆ ಸಸಿಗಳ ಮೇಲೆ ಹಳೇ ತೆಳು ಸೀರೆ ಹೊದಿಸಿದರೂ ಆಗುತ್ತದೆ.

ದೀಪಾವಳಿ ಕಳೆದ ಮೇಲೆ ಖಾಲಿ ಪಾತಿಗಳನ್ನು ಗೇಣುದ್ದ ಅಗೆದೆ. ಮಣ್ಣು ಮೆತ್ತಿದ ಪುಟ್ಟ ಕೊಳವೆಯಂಥವು ಸಿಕ್ಕವು. ಒಡೆದರೆ ಒಳಗೆ ಅಕ್ಕಿಕಾಳಿನಂಥ ಹಳದಿ ಮೊಟ್ಟೆಗಳು. ಗೊರವಂಕ ಹಕ್ಕಿಗಳು ಆಗಲೇ ಬೇಲಿಯ ಮೇಲೆ ಬಂದು ಕೂತಿದ್ದವು. ತುಳಸಿಕಟ್ಟೆಯ ಬುಡಕ್ಕೆ ಮಾತ್ರ ಗುದ್ದಲಿ ಹಾಕಲು ಕೈ ಬರಲಿಲ್ಲ. ಹರಿವೆ ಪಾತಿಗೆ ಮೂರೇ ಅಡಿ ದೂರ, ಮುಂದೆ ನಾನೇ ಅನುಭವಿಸಬೇಕು.

ಅಷ್ಟರಲ್ಲಿ ಅಜ್ಜಿಯ ಕೆಂಪು ಹೇಂಟೆ ಮರಿಗಳ ಸಮೇತ ಬೇಲಿ ನುಸುಳಿ ಬಂತು. ನನಗೆ ಎದೆ ಧಸಕ್ಕೆಂದಿತು, ಅಟ್ಟಲು ಎದ್ದೆ. ಗೋಡೆಯಾಚೆಯಿಂದ ಅಜ್ಜಿಯ ದನಿ: "ಬಿಡೇ ತಾಯಿ, ತಿನ್ಲಿ. ಈ ಸಲ ಏನೂ ಹಾಕಿಲ್ಲ ತಾನೆ?"

"ಇಲ್ಲ ಅಜ್ಜೀ" ಅಂದೆ.