ಸಿಂಡ್ರೆಲ್ಲಾ ಬಂದಳು, ನಮ್ಮ ಹಂಚಿ ಎಲ್ಲಿ?

ಮೊನ್ನೆ ಜಲನಗರದ ನಮ್ಮ ಪ್ರೆಸ್ಸಿಗೆ ಹುಟ್ಟುಹಬ್ಬದ ಕಾರ್ಡು ಮಾಡಿಸಲು ಬಂದವರ ಮಗುವಿನ ಕೈಯಲ್ಲಿ ಸಿಂಡ್ರೆಲ್ಲಾ ಗೊಂಬೆ. 'ಈಕೀ ಕಥಿ ಹೇಳವ್ವಾ' ಎಂದೆ. ಇಂಗ್ಲಿಷಿನಲ್ಲೇ ಹೇಳಿತು!

ಗೊಂಬೆಯ ಮೇಲೆ ನಮಗೆ ಸಿಟ್ಟಿಲ್ಲ. ಕಥೆ ಊರೂರು ಅಲೆಯುತ್ತದೆ, ವೇಷ ಬದಲಿಸುತ್ತದೆ. 1697ರಲ್ಲಿ ಫ್ರಾನ್ಸಿನ ಪೆರೋ ಆಕೆಗೆ ಗಾಜಿನ ಚಪ್ಪಲಿ ತೊಡಿಸಿದ. 1812ರಲ್ಲಿ ಜರ್ಮನಿಯ ಗ್ರಿಮ್ ಸೋದರರು ಬಂಗಾರದ್ದು ಕೊಟ್ಟರು. 1950ರ ಡಿಸ್ನಿ ಸಿನಿಮಾ ಮತ್ತೆ ಗಾಜಿನದನ್ನೇ ತಂದಿತು.

ಆದರೆ ತರುಣರೇ, ಆಕೆಯ ಕನ್ನಡದ ಅಕ್ಕ ನಿಮಗೆ ಗೊತ್ತೇ? ಹೆಸರು ಹಂಚಿ. ಬಂಗಾರದ ಕೂದಲಿನ ಹುಡುಗಿ. ಮಣ್ಣಿನ ಮುಖವಾಡದಲ್ಲಿ ರೂಪ ಮರೆಸಿ, ಪರರ ಮನೆಯಲ್ಲಿ ದುಡಿದು ಬದುಕಿದವಳು. ಉತ್ತರ ಕರ್ನಾಟಕದ ಜನರ ಬಾಯಿಂದ ಎ.ಕೆ. ರಾಮಾನುಜನ್ ಈ ಕಥೆ ಬರೆದುಕೊಂಡರು. ಇಂಗ್ಲಿಷಿನಲ್ಲಿ ಅಚ್ಚಾಯಿತು. ಜಗತ್ತು ಓದಿತು, ನಾವು ಮರೆತೆವು!

ಆಷಾಢದ ಮಂಗಳವಾರ ಮಣ್ಣು ತಂದು ಗುಳ್ಳವ್ವನನ್ನು ಮಾಡುವ ಸೀಮೆ ನಮ್ಮದು. ಕೊಪ್ಪಳದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರಿದ್ದಾರೆ. ಹತ್ತು ಜನ ಸೇರಿ ಹಂಚಿಯ ಗೊಂಬೆ ಮಾಡಿಸಿ. ಜೊತೆಗಿಡುವ ಕನ್ನಡ ಕಥೆಯ ಚೀಟಿಯನ್ನು ನಾನೇ ಅಚ್ಚು ಹಾಕಿ ಕೊಡುತ್ತೇನೆ, ಕಾಗದದ ದುಡ್ಡೂ ಬೇಡ.

ಗೊಂಬೆ ನಿಮ್ಮದು, ಅಚ್ಚು ನಮ್ಮದು. ಯಾರು ಬರುತ್ತೀರಿ?